ವೈರಸ್ ಹಿಡಿತದಲ್ಲಿದೆ, ಮತ್ತೆ ಈ ಸ್ಟ್ಯಾಟಿನ್ ಯಾಕೆ?

ಪ್ರಶ್ನೆ:
ನನಗೀಗ 46. ಎಚ್‌ಐವಿ ಮಾತ್ರೆ ತಪ್ಪಿಸುವವನಲ್ಲ, ವೈರಲ್ ಲೋಡ್ ಪತ್ತೆಯೇ ಆಗದಷ್ಟು ಕಡಿಮೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 112. ಬಿಪಿ, ಶುಗರ್ ಸರಿಯಾಗಿವೆ. ಆದರೂ ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದಾರೆ. ದಿನಕ್ಕೆ ಐದಾರು ಸಿಗರೇಟು ಇದೆ, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಮಾತ್ರೆ ಬೇಕೇಬೇಕಾ?

ಉತ್ತರ 1:
ನಾನೂ ಇದೇ ಜಗಳ ಆಡಿದವಳು ಸರ್. ವೈರಸ್ ಅಡಗಿದ್ದರೂ ಒಳಗೊಳಗೇ ಸಣ್ಣ ಉರಿಯೂತ ಉಳಿದಿರುತ್ತದೆ, ರಕ್ತನಾಳ ಹಾಳಾಗುವುದು ಅದರಿಂದಲೂ. ಕೊಲೆಸ್ಟ್ರಾಲ್ ಅಂಕಿ ಒಂದನ್ನೇ ನೋಡಿದರೆ ಇದು ಕಾಣುವುದಿಲ್ಲ. 2023ರಲ್ಲಿ ಬಂದ ರಿಪ್ರೀವ್ ಅಧ್ಯಯನದಲ್ಲಿ ನಮ್ಮಂಥ 7,769 ಜನರಿದ್ದರು, ವಯಸ್ಸು 40ರಿಂದ 75. ಹೃದಯದ ಅಪಾಯ ಹೆಚ್ಚಿದ್ದವರೇನಲ್ಲ. ದಿನಕ್ಕೆ 4 ಮಿ.ಗ್ರಾಂ. ಪಿಟಾವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥವು ಸುಮಾರು ಶೇ. 35 ಕಡಿಮೆ. ಮೈಕೈ ನೋವು ಮಾತ್ರ ಸ್ವಲ್ಪ ಜಾಸ್ತಿ, ಶುಗರ್ ಕೂಡ ಕೆಲವರಿಗೆ ಬಂತು. ನನಗೆ ಮೊದಮೊದಲು ತೊಡೆ ಹಿಡಿದುಕೊಳ್ಳುತ್ತಿತ್ತು, ಆಮೇಲೆ ಹೋಯಿತು.

ಉತ್ತರ 2:
ಯಾವ ಸ್ಟ್ಯಾಟಿನ್ ಅಂತ ಚೀಟಿ ನೋಡಿ. ನಿಮ್ಮ ಎಚ್‌ಐವಿ ಔಷಧಿಯಲ್ಲಿ ರಿಟೋನಾವಿರ್ ಅಥವಾ ಕೋಬಿಸಿಸ್ಟಾಟ್ ಇದ್ದರೆ ಸಿಮ್ವಾಸ್ಟ್ಯಾಟಿನ್, ಲೋವಾಸ್ಟ್ಯಾಟಿನ್ ಮುಟ್ಟಲೇಬಾರದು. ರಕ್ತದಲ್ಲಿ ಅವುಗಳ ಪ್ರಮಾಣ ವಿಪರೀತ ಏರಿ ಸ್ನಾಯು ಕರಗುವ ಅಪಾಯವಿದೆ. ಅಬಕಾವಿರ್ ಇದ್ದರೆ ಅದನ್ನೂ ಡಾಕ್ಟರ ಹತ್ತಿರ ಎತ್ತಿ, ಹೃದಯಾಘಾತದ ಜೊತೆ ಅದರ ನಂಟು ಹಲವು ಅಧ್ಯಯನಗಳಲ್ಲಿ ಕಂಡಿದೆ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಎಚ್‌ಐವಿ ಚಿಕಿತ್ಸೆ ಬಿಟ್ಟುಬಿಟ್ಟು ಮಾಡಿದವರಿಗೇ ಹೃದಯದ ತೊಂದರೆ ಹೆಚ್ಚಾಯಿತು ಅಂತ 2006ರ ಸ್ಮಾರ್ಟ್ ಅಧ್ಯಯನವೇ ತೋರಿಸಿದೆ. ಮತ್ತೆ, ಆ ಐದಾರು ಸಿಗರೇಟು? ಸ್ಟ್ಯಾಟಿನ್ ಬಗ್ಗೆ ಇಷ್ಟು ಚರ್ಚೆ ಮಾಡುವವರು ಅದನ್ನು ಬಿಡಿ ಮೊದಲು.

ಪ್ರಶ್ನೆ ಕೇಳಿದವರು:
ಚೀಟಿಯಲ್ಲಿ ರೋಸುವಾಸ್ಟ್ಯಾಟಿನ್ ಅಂತಿದೆ. ನನ್ನ ಮಾತ್ರೆಗಳ ಪಟ್ಟಿ ಹಿಡಿದುಕೊಂಡು ಹೋಗಿ, ಹೊಂದುತ್ತದಾ ಕೇಳುತ್ತೇನೆ. ಸಿಗರೇಟಿನ ವಿಷಯ ಬರುತ್ತೆ ಅಂತ ಗೊತ್ತಿತ್ತು ಬಿಡಿ.