ಸಹಾಯ ಬೇಕು: ಅಕ್ಕನ ಮೈಗ್ರೇನ್‌ಗೂ ಸೋಡಿಯಂಗೂ ಏನು ಸಂಬಂಧ?

ನಮಸ್ಕಾರ. ನಾವು ಕೋಲಾರದವರು. ಅಕ್ಕನಿಗೆ ಹತ್ತು ವರ್ಷದಿಂದ ಮೈಗ್ರೇನ್ ಇದೆ. ಟೊಮೆಟೊ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಕೆಲಸ. ಬಿಸಿಲಲ್ಲಿ ಬೆವರು ಸುರಿಸಿದ ದಿನ ನೋವು ಜಾಸ್ತಿ. ಮೊನ್ನೆ ಮನೆಗೆ ಬಂದವಳೇ ಕಿಟಕಿಗೆ ಸೀರೆ ಇಳಿಬಿಟ್ಟು, ಒದ್ದೆ ಟವೆಲ್ ಹಣೆಗೆ ಬಿಗಿದು, ಗೋಡೆ ಕಡೆ ತಿರುಗಿ ಮಲಗಿದಳು. ಒಗ್ಗರಣೆ ವಾಸನೆಗೇ ವಾಂತಿ. ನೋಡಿದರೆ ಕರುಳು ಹಿಂಡುತ್ತದೆ.

'ಉಪ್ಪು ಕಮ್ಮಿಯಾಗಿದೆ, ಮಜ್ಜಿಗೆಗೆ ಜಾಸ್ತಿ ಹಾಕಿ ಕೊಡಿ' ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅಕ್ಕನಿಗೆ ಬಿಪಿ ಬೇರೆ ಇದೆ, ಸುಮ್ನೆ ಕೊಡಲು ಭಯ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಅಂಶ) 138 ಬಂದಿದೆ. ಸಾಮಾನ್ಯ ಮಟ್ಟವಾದ 135ರಿಂದ 145ರ ಒಳಗೇ ಇದೆ ಅಲ್ವಾ?

ಆದರೆ ನಾನು ಓದಿದ್ದೇ ಬೇರೆ. 2017ರಲ್ಲಿ ಜರ್ಮನಿಯ ಸಂಶೋಧಕರು ಸೋಡಿಯಂ ಎಂಆರ್‌ಐ (ಸೋಡಿಯಂ ಎಲ್ಲಿ ಎಷ್ಟಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿದಾಗ, ಮೈಗ್ರೇನ್ ಇರುವ ಹೆಂಗಸರ ಮಿದುಳಿನ ಸುತ್ತಲಿನ ದ್ರವದಲ್ಲಿ ಸೋಡಿಯಂ ಹೆಚ್ಚಿತ್ತು. ಅದರಲ್ಲಿ ಮೈಗ್ರೇನ್ ಇದ್ದವರು 12 ಜನ ಮಾತ್ರ, ಅದೂ ಗಮನದಲ್ಲಿರಲಿ. ಮಿದುಳಿನ ಜೀವಕೋಶಗಳಲ್ಲಿ ಒಂದು ಪಂಪ್ ಇದೆ. ಪ್ರತಿ ಸಲ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ಎಳೆಯುತ್ತದೆ. ಅದರ ಎಟಿಪಿ1ಎ2 ಜೀನ್ ಕೆಟ್ಟರೆ, ಒಂದು ಕಡೆಯ ಕೈಕಾಲು ಸೋಲುವ ಅಪರೂಪದ ಮೈಗ್ರೇನ್ ವಂಶದಲ್ಲಿ ಬರುತ್ತದೆ. ಅಕ್ಕನಿಗೂ ನೋವಿಗೆ ಮುಂಚೆ ಎಡಗೈ ಜೋಮು ಹಿಡಿಯುತ್ತದೆ. ಅಮ್ಮನಿಗೂ ಹೀಗೇ ಆಗುತ್ತಿತ್ತು. ನನ್ನ ಆತಂಕ ಇದೇ.

ಮುಂದಿನ ವಾರ ನರರೋಗ ತಜ್ಞರ ಹತ್ತಿರ ಹೋಗುತ್ತಿದ್ದೇವೆ. ಜೀನ್ ಪರೀಕ್ಷೆ ಕೇಳಬೇಕಾ? ಬೆವರು, ನೀರು, ಊಟ, ನೋವು ಎಲ್ಲ ಬರೆದಿಟ್ಟು ಉಪಯೋಗವಾದವರು ಇದ್ದೀರಾ? ಬಿಪಿ ಇದ್ದೂ ಬಿಸಿಲಲ್ಲಿ ದುಡಿಯುವವರು ಏನು ಕುಡಿಯುತ್ತೀರಿ? ದಯವಿಟ್ಟು ನಿಮ್ಮ ಅನುಭವ ತಿಳಿಸಿ.