ಕುರ್ಚಿ ಆಡಬೇಕೋ, ಮಂದಿ ಆಡಬೇಕೋ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಿಂದ ಬರೀತಿದ್ದೇನೆ. ಒಂದು ಬೋರ್ಡಿಗೆ ಕನ್ನಡ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ.

ಪರಿಚಯದವರೊಬ್ಬರು ಮರದ ಕುರ್ಚಿ, ಮಂಚ, ಜೋಕಾಲಿ ಮಾಡಿಸಿ ತಮ್ಮದೇ ಹೆಸರಲ್ಲಿ ಮಾರುತ್ತಾರೆ. ಈಗ ಮಳಿಗೆಯ ಅರ್ಧ ಭಾಗ ಖಾಲಿ ಮಾಡಿ ‘ಪ್ಲೇಫುಲ್ ಇಂಟರಾಕ್ಟಿವ್ ಸ್ಪೇಸ್’ ಮಾಡ್ತಿದ್ದಾರೆ. ಬಿಡಿ ಹಲಗೆ, ಗೂಟ ಇಟ್ಟಿರ್ತಾರೆ, ಬಂದವರು ಜೋಡಿಸಿ ತಾವೇ ಮಣೆ ಮಾಡಬಹುದು. ತಲೆಕೆಳಗು ಮಾಡಿದರೆ ಮಕ್ಕಳ ಮೇಜಾಗುವ ಕುರ್ಚಿಯೂ ಇದೆ. ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ವಿಟ್ರಾ ಅನ್ನೋ ಫರ್ನಿಚರ್ ಕಂಪನಿಯವರು 2014ರಲ್ಲಿ 30 ಮೀಟರಿಗೂ ಎತ್ತರದ ಗೋಪುರ ನಿಲ್ಲಿಸಿ ಅದಕ್ಕೆ ಜಾರುಬಂಡಿ ಕೂರಿಸಿದ್ದಾರಲ್ಲ, ಅದರ ಫೋಟೋ ನೋಡಿದ ಮೇಲೆ ಇವರಿಗೆ ಈ ಹುಚ್ಚು ಹತ್ತಿದ್ದು. ಇಲ್ಲಿ ಗೋಪುರ ಇಲ್ಲ. ಶಹಾಬಾದ್ ಕಲ್ಲಿನ ನೆಲ, ನಾಲ್ಕು ಜೋಕಾಲಿ, ಅಷ್ಟೇ.

ಡಿಸೈನರ್ ಕಳಿಸಿದ ಕನ್ನಡ ಹೀಗಿತ್ತು: ‘ಪೀಠೋಪಕರಣಗಳ ಸಂವಾದಾತ್ಮಕ ಪ್ರದರ್ಶನ’. ಸಂವಾದ ಅಂದರೆ ಮಾತುಕತೆ. ಕುರ್ಚಿ ಜೊತೆ ಯಾರು ಮಾತಾಡ್ತಾರೆ? ‘ಪ್ರದರ್ಶನ’ ಅಂದ್ರಂತೂ ನಮ್ಮ ಜನ ಕೈ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಾರೆ. ‘ಪೀಠೋಪಕರಣ’ದ ಬದಲು ‘ಫರ್ನಿಚರ್’ ಇರಲಿ ಬಿಡಿ. ಕುರ್ಚಿ ಅನ್ನೋದೇ ಅರಬ್ಬಿಯ ‘ಕುರ್ಸಿ’ಯಿಂದ ಬಂದದ್ದು ಅಲ್ವಾ.

ನಾನು ‘ಆಡುವ ಕುರ್ಚಿಗಳು’ ಅಂತ ಬರೆದೆ. ಅಲ್ಲೇ ರಂದಾ ಹೊಡೀತಿದ್ದ ಬಡಿಗೇರ ಕಾಕಾ ಓದಿದರು. ಎದ್ದು ಬಂದು ಒಂದು ಕುರ್ಚಿಯ ಬೆನ್ನು ಹಿಡಿದು ಜೋರಾಗಿ ಅಲುಗಿಸಿದರು. “ನಾ ಮಾಡಿದ್ ಕುರ್ಚಿ ಎಲ್ಲಿ ಆಡ್ಲಾಕತ್ತದ, ತೋರ್ಸ್ರಿ ಸರ!” ನಾನು ಗಪ್ಪಾದೆ. ಅವರ ಬಾಯಲ್ಲಿ ಕುರ್ಚಿ ‘ಆಡ್ತದ’ ಅಂದರೆ ಕೀಲು ಸಡಿಲಾಗಿದೆ ಅಂತ.

ಯೋಚಿಸಿದರೆ ಅದರಲ್ಲಿ ತಪ್ಪೇನಿಲ್ಲ. ಅಲ್ಲಾಡು, ತೂಗಾಡು, ಓಲಾಡು ಎಲ್ಲದರಲ್ಲೂ ಈ ‘ಆಡು’ ಕೂತಿದೆ. ಮಾತಾಡು, ಜಗಳಾಡು ಕೂಡ. ಗುದ್ದಾಡು, ಹೊಡೆದಾಡು ನೋಡಿ: ಒಬ್ಬನೇ ಮಾಡೋಕಾಗಲ್ಲ, ಎರಡೂ ಕಡೆಯಿಂದ ನಡೀಬೇಕು. ‘ಇಂಟರಾಕ್ಟಿವ್’ ಅನ್ನೋದರ ತಿರುಳೇ ಅದು. ಆದರೆ ಕುರ್ಚಿಗೆ ಹಚ್ಚಿದರೆ ಗಿರಾಕಿ ಓಡಿಹೋಗ್ತಾನೆ!

ಸಣ್ಣ ಚೀಟಿಗಳ ಚಿಂತೆ ಇಲ್ಲ. ‘ಕುಂತು ನೋಡ್ರಿ’, ‘ತೂಗಿ ನೋಡ್ರಿ’, ‘ಬಿಚ್ಚಿ ನೋಡ್ರಿ’ ಅಂತ ಬರೆದೆ. ತಿಂದು ನೋಡು ಅಂದಾಗ ಕಣ್ಣಿಗೆ ಕೆಲಸ ಇಲ್ಲವಲ್ಲ, ಹಾಗೆ. ಕಾಕಾ ಕೂಡ ಒಪ್ಪಿದರು.

ಉಳಿದದ್ದು ಜಾಗದ ಹೆಸರು. ನನ್ನ ಮನಸ್ಸು ‘ಕಟ್ಟೆ’ ಕಡೆ ಇದೆ. ನಮ್ಮೂರ ಗುಡಿಯ ಕಟ್ಟೆ ಮೇಲೆ ಚೌಕಾಬಾರದ ಮನೆ ಕೊರೆದಿದೆ, ಗೆರೆ ಸವೆದು ನುಣ್ಣಗಾಗಿವೆ. ಕೂಡೋದೂ ಅಲ್ಲೇ, ಹರಟೋದೂ ಅಲ್ಲೇ, ಆಡೋದೂ ಅಲ್ಲೇ. ಹಾಗಾಗಿ ‘ಆಟಗಟ್ಟೆ’ ಅಂದುಕೊಂಡೆ. ಆದರೆ ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವಾಗ ಕ ಹೋಗಿ ಗ ಬಂದ ಹಾಗೆ ಇಲ್ಲೂ ಬರಬೇಕಾ? ಅರಳಿಕಟ್ಟೆ ಅಂತೀವಿ, ಅರಳಿಗಟ್ಟೆ ಅನ್ನಲ್ಲ. ಹಾಗಾದರೆ ‘ಆಟಕಟ್ಟೆ’ಯಾ, ಸುಮ್ನೆ ‘ಆಟದ ಕಟ್ಟೆ’ಯಾ? ಕಿವಿಗೆ ಗ ಹಿತ, ಕಣ್ಣಿಗೆ ಕ ಸಲೀಸು.

ಇನ್ನೊಂದು. ಸಡಿಲಾದ ಕೀಲಿಗೆ ‘ಆಡ್ತದ’ ಅನ್ನೋದು ನಿಮ್ಮ ಕಡೆ ಇದೆಯಾ? ಬೀದರ್, ಯಾದಗಿರಿಯವರು, ಹಾಗೇ ಮೈಸೂರು, ಮಂಗಳೂರು ಕಡೆಯವರೂ ಹೇಳಿ. ಬೋರ್ಡಿನ ಪೇಂಟರ್ ಸೋಮವಾರ ಬರ್ತಾನಂತೆ.