ಹುಟ್ಟೂರಿನಲ್ಲಿ ಸಹಾಯಾರ್ಥ ಗಾಯನ: ಕೂಡಿದ ಹಣ ಮಕ್ಕಳಿಗೆ ಮುಟ್ಟುವಂತೆ ಮಾಡುವುದು ಹೇಗೆ?

ಪ್ರಶ್ನೆ: ರೋಣ ತಾಲ್ಲೂಕಿನ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಮ್ಮೂರಿನಲ್ಲಿ ಹುಟ್ಟಿ, ಇಲ್ಲಿಯ ಸರಕಾರಿ ಶಾಲೆಯಲ್ಲಿಯೇ ಕಲಿತು, ಇಂದು ಹಿಂದುಸ್ತಾನಿ ಗಾಯನದಲ್ಲಿ ದೊಡ್ಡ ಹೆಸರು ಮಾಡಿರುವ ಕಲಾವಿದರೊಬ್ಬರು ಹೋದ ವರ್ಷ ಸಂಭಾವನೆ ತೆಗೆದುಕೊಳ್ಳದೆ ಊರಿಗೆ ಬಂದು ಹಾಡಿದರು. ಅವರ ಒಪ್ಪಿಗೆ ಕೇಳಿಲ್ಲವಾದ್ದರಿಂದ ಹೆಸರು ಬರೆಯುತ್ತಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಗದಗಕ್ಕೆ ಕಾಲೇಜಿಗೆ ಹೋಗುವ ಬಡ ಮಕ್ಕಳ ಶುಲ್ಕಕ್ಕೂ ವಸತಿಗೂ ಒಂದು ನಿಧಿ ಕೂಡಿಸಬೇಕೆಂಬುದು ಉದ್ದೇಶವಾಗಿತ್ತು. ಜನ ಮನಸ್ಸು ಬಿಚ್ಚಿ ಕೊಟ್ಟರು. ಹೆಸರುಕಾಯಿ ಬಿಡಿಸಿದ ಕೂಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದ ತಾಯಿಯೊಬ್ಬರು, ನನ್ನೆದುರಿಗೇ ಗಂಟು ಬಿಚ್ಚಿ, ಮುದುಡಿದ ನೋಟುಗಳನ್ನು ಒಂದೊಂದಾಗಿ ನೀವಿ ಪೆಟ್ಟಿಗೆಗೆ ಹಾಕಿದರು.

ಆಮೇಲೆ ಜಮಾ-ಖರ್ಚು ಬರೆಯಲು ಕುಳಿತಾಗ ಪೆಂಡಾಲು, ಧ್ವನಿವರ್ಧಕ, ಬ್ಯಾನರು, ಊಟ, ಶಾಲು, ಹಾರ, ಸ್ಮರಣಿಕೆ ಎಂದು ಕಳೆಯುತ್ತ ಹೋಗಿ, ಕೊನೆಗೆ ಇಬ್ಬರು ಮಕ್ಕಳ ಒಂದು ವರ್ಷದ ಶುಲ್ಕಕ್ಕಾಗುವಷ್ಟು ಮಾತ್ರ ಉಳಿಯಿತು. ಯಾರೂ ಹಣ ತಿಂದಿಲ್ಲ. ಪ್ರತಿ ಖರ್ಚಿಗೂ ರಸೀದಿ ಇದೆ, ಲೆಕ್ಕ ಬರೆದವನು ನಾನೇ. ಆದರೆ ಆ ಲೆಕ್ಕವನ್ನು ಆ ತಾಯಿಯ ಎದುರು ಓದಿ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಸತ್ಕಾರ ಮತ್ತು ಭಾಷಣಗಳೇ ಒಂದೂವರೆ ಗಂಟೆ ನಡೆದವು. ಅಷ್ಟು ಹೊತ್ತೂ ವೇದಿಕೆಯ ಹಿಂದೆ ಗಾಯಕರು ತಂಬೂರಿ ಹಿಡಿದು ಕುಳಿತಿದ್ದರು, ಥಂಡಿ ಗಾಳಿಗೆ ಶ್ರುತಿ ಕದಲಿದಾಗಲೆಲ್ಲ ಮತ್ತೆ ಸರಿಮಾಡುತ್ತಿದ್ದರು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕಾಗಿದ್ದರಿಂದ ಕಛೇರಿಯ ಕೊನೆಗೆ ಹಾಡುವ ಭೈರವಿ ರಾಗವನ್ನು ಹಾಡದೆಯೇ ಎದ್ದರು. ಹೀಗಿದ್ದರೂ ಈ ವರ್ಷ ಮತ್ತೆ ಬರುತ್ತೇನೆಂದು ಅವರೇ ಹೇಳಿ ಕಳಿಸಿದ್ದಾರೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ: ಧಾರವಾಡದ ತಬಲಾ ವಾದಕ

ಮಾಸ್ತರರೇ, ಗಾಯಕರು ಸಂಭಾವನೆ ಬಿಟ್ಟರೆಂದರೆ ತಬಲಾ ಮತ್ತು ಹಾರ್ಮೋನಿಯಂ ಸಾಥ್ ನೀಡುವವರೂ ಬಿಟ್ಟಂತೆಯೇ ಎಂದು ಸಂಘಟಕರು ಬಹಳ ಸಲ ತಿಳಿದುಬಿಡುತ್ತಾರೆ. ಹಿಂದೊಮ್ಮೆ ಇಂಥದೇ ಕಾರ್ಯಕ್ರಮ ಮುಗಿದ ಮೇಲೆ ನನಗೆ ಒಂದು ಶಾಲು ಹೊದಿಸಿ ಕೈಮುಗಿದರು. ತಬಲಾ-ಡಗ್ಗಾದ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಬೆಳಗಿನ ಮೊದಲ ಬಸ್ಸಿನವರೆಗೆ ನಿಲ್ದಾಣದಲ್ಲಿಯೇ ಕುಳಿತೆ. ನಾವು ದಾನಕ್ಕೆ ಹಿಂಜರಿಯುವವರಲ್ಲ, ಆದರೆ ಕೊಡುವುದು ನಮ್ಮ ಇಚ್ಛೆಯಾಗಿರಬೇಕು. ಸಾಥಿ ಕಲಾವಿದರ ಸಂಭಾವನೆಯನ್ನು ಮೊದಲೇ ಮಾತನಾಡಿ ಖರ್ಚಿನಲ್ಲಿ ಬರೆಯಿರಿ. ಅದನ್ನು ನಿಧಿಗೇ ತಿರುಗಿ ಕೊಡುವವರು ಕೊಡುತ್ತಾರೆ.

ಇನ್ನೊಬ್ಬರಿಗಾಗಿ ಹಾಡಿ ದುಡಿಯುವುದು ನಿಮ್ಮ ಗದಗ ಜಿಲ್ಲೆಗೆ ಹೊಸದಲ್ಲ. ಕಣ್ಣಿಲ್ಲದ ಮಕ್ಕಳನ್ನೂ ಬಡ ಮಕ್ಕಳನ್ನೂ ಜೊತೆಗಿಟ್ಟುಕೊಂಡು ಊರೂರು ತಿರುಗಿ ಸಂಗೀತ ಕಲಿಸಿದ ಪಂಚಾಕ್ಷರ ಗವಾಯಿಗಳು ಅವರ ಹೊಟ್ಟೆ ತುಂಬಿಸುವುದಕ್ಕಾಗಿ ನಾಟಕ ಕಂಪನಿಯನ್ನೇ ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಮಕ್ಕಳ ನೆಲೆಯಾದ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಹೊತ್ತರು, ಭಕ್ತರು ಮಾಡಿದ ತುಲಾಭಾರದ ನಾಣ್ಯವನ್ನೂ ಆ ಮಕ್ಕಳಿಗೇ ಸಲ್ಲಿಸಿದರು. ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಅವರು ಪಂಚಾಕ್ಷರ ಗವಾಯಿಗಳ ಹತ್ತಿರ ಕಲಿತು ಬೆಳೆದವರು.

ಪೆಂಡಾಲು ಬೇಕೇ ಎಂಬುದನ್ನೂ ಯೋಚಿಸಿರಿ. ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅವರ ಶಿಷ್ಯರಾದ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲ ಅವರಂಥವರು ಹಾಡಿದ್ದು ನಾಡಗೇರ ಮನೆತನದ ವಾಡೆಯಲ್ಲಿ, ಅಂದರೆ ಅವರ ದೊಡ್ಡ ಮನೆಯಲ್ಲಿ. ನಿಮ್ಮಲ್ಲಿಯೂ ಒಂದು ಹಳೆಯ ವಾಡೆಯೋ ಮಠದ ಸಭಾಭವನವೋ ಇದ್ದರೆ ಜಮಖಾನೆ ಹಾಸಿ ಕುಳ್ಳಿರಿಸಿರಿ. ಸಂಜೆ ನಾಲ್ಕಕ್ಕೆ ಆರಂಭಿಸಿದರೆ ಗಾಯಕರಿಗೆ ಇಳಿಹೊತ್ತಿನ ರಾಗಗಳಾದ ಮುಲ್ತಾನಿ, ಭೀಮಪಲಾಸಿ ಹಾಡುವ ಅವಕಾಶ ಸಿಗುತ್ತದೆ. ಈಗಿನ ಕಾರ್ಯಕ್ರಮಗಳೆಲ್ಲ ಕತ್ತಲಾದ ಮೇಲೆಯೇ ಶುರುವಾಗುವುದರಿಂದ ಆ ರಾಗಗಳನ್ನು ಕೇಳುವುದೇ ಅಪರೂಪವಾಗಿದೆ. ಸುತ್ತಲಿನ ಹಳ್ಳಿಯವರಿಗೆ ಕೊನೆಯ ಬಸ್ಸೂ ಸಿಗುತ್ತದೆ.

ಉತ್ತರ: ಹುಬ್ಬಳ್ಳಿಯ ಲೆಕ್ಕ ಪರಿಶೋಧಕಿ

ಗುರುಗಳೇ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಎಲ್ಲ ಹಣ ಒಂದೇ ಪೆಟ್ಟಿಗೆಯಲ್ಲಿ ಬಿದ್ದದ್ದೇ ತೊಂದರೆಯಾಯಿತು. ದಾನಕ್ಕೊಂದು, ಖರ್ಚಿಗೊಂದು ಎಂದು ಎರಡು ಬ್ಯಾಂಕ್ ಖಾತೆಗಳನ್ನು ಇಡಿರಿ. ಕಾರ್ಯಕ್ರಮಕ್ಕೆ ಮೊದಲೇ ಪ್ರತಿಯೊಂದು ಖರ್ಚಿಗೂ ಒಬ್ಬೊಬ್ಬ ಪ್ರಾಯೋಜಕರನ್ನು ಗೊತ್ತುಮಾಡಿ, ಅವರು ಕೊಟ್ಟಷ್ಟರಲ್ಲಿಯೇ ವ್ಯವಸ್ಥೆಯಾಗಲಿ. ಅದು ಸಾಲದಿದ್ದರೆ ಬ್ಯಾನರು ಬಿಡಿರಿ, ಸ್ಮರಣಿಕೆ ಬಿಡಿರಿ, ದಾನದ ಹಣಕ್ಕೆ ಮಾತ್ರ ಕೈ ಹಚ್ಚಬೇಡಿರಿ.

ಟಿಕೆಟ್ ಇಡುವುದಾದರೆ, ಸಂಗೀತ ಕಾರ್ಯಕ್ರಮದ ಪ್ರವೇಶ ಶುಲ್ಕ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಟಿಕೆಟಿನ ಹಣವನ್ನು ದಾನವೆಂದು ತೋರಿಸಿ ರಸೀದಿ ಬರೆಯಬೇಡಿರಿ, ಏಕೆಂದರೆ ಕೊಟ್ಟವರು ಅದಕ್ಕೆ ಪ್ರತಿಯಾಗಿ ಗಾಯನ ಕೇಳಿರುತ್ತಾರೆ. ದೊಡ್ಡ ದಾನಿಗಳು ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ ಎಂದು ಹೆಸರಾದದ್ದು) ಕೇಳುತ್ತಾರೆ. ಹಣ ಪಡೆಯುವ ಟ್ರಸ್ಟಿಗೆ ಆ ನೋಂದಣಿ ಇರಬೇಕು, ಮತ್ತು 2000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲವಾದ್ದರಿಂದ ಚೆಕ್ ಅಥವಾ ಯುಪಿಐ ಮೂಲಕವೇ ಪಡೆಯಿರಿ.

ಉತ್ತರ: ಹಾವೇರಿಯ ಸಂಘಟಕ

ಮೇಡಂ ಹೇಳಿದ್ದು ಸರಿಯೇ, ಆದರೆ ಖರ್ಚು ಹೊತ್ತವರು ವೇದಿಕೆಯ ಮೇಲೆ ಹೆಸರು ಕೇಳಿಬರಲೆಂದು ಬಯಸುತ್ತಾರೆ, ಅದನ್ನು ತಪ್ಪೆನ್ನಲಾಗದು. ನಾವು ಎರಡು ವರ್ಷಗಳಿಂದ ಸತ್ಕಾರವನ್ನು ಮರುದಿನ ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಯಾರ ಓದಿಗಾಗಿ ಕೊಟ್ಟರೋ ಆ ಮಕ್ಕಳ ಎದುರಿನಲ್ಲಿಯೇ ದಾನಿಗಳಿಗೆ ಒಂದೊಂದು ಹೂವು ಕೊಡುತ್ತೇವೆ. ಹಿಂದಿನ ಸಂಜೆ ಸ್ವಾಗತಕ್ಕೆ ಐದು ನಿಮಿಷ, ಆಮೇಲೆ ಗಾಯನವೇ.

ಪ್ರಶ್ನೆ ಕೇಳಿದವರ ಮಾತು

ಮೂವರಿಗೂ ನಾನು ಋಣಿ. ತಬಲಾದವರೇ, ನಿಮ್ಮ ಬಸ್ ನಿಲ್ದಾಣದ ಮಾತು ಓದಿ ಕೂಡಲೇ ಹೋದ ವರ್ಷದ ಖಾತೆ ಪುಸ್ತಕ ತೆಗೆದು ನೋಡಿದೆ. ಹಾರ್ಮೋನಿಯಂ ಸಾಥ್ ನೀಡಿದವರ ಹೆಸರಿನ ಮುಂದೆ ಊಟ ಮತ್ತು ಶಾಲು ಎಂದಷ್ಟೇ ಇತ್ತು, ಅಕ್ಷರ ನನ್ನದೇ. ಇಂದು ಅವರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಬಾಕಿ ಸಂಭಾವನೆಯನ್ನು ನನ್ನ ಕೈಯಿಂದ ಕೊಡುತ್ತೇನೆ. ಮಠದ ಸಭಾಭವನಕ್ಕೆ ಸ್ವಾಮಿಗಳ ಒಪ್ಪಿಗೆ ಸಿಕ್ಕಿದೆ. ನಾಲ್ಕು ಗಂಟೆಗೆ ಆರಂಭಿಸಬಹುದೇ ಎಂದು ಗಾಯಕರಿಗೆ ಪತ್ರ ಬರೆದಿದ್ದೇನೆ, ಕೊನೆಯ ಅರ್ಧ ಗಂಟೆಯನ್ನು ಭೈರವಿಗೆಂದೇ ಬಿಟ್ಟಿದ್ದೇವೆ ಎಂದೂ ಅದರಲ್ಲಿ ತಿಳಿಸಿದ್ದೇನೆ.